ಕೊಲ್ಲಾಪುರ ಸೀಮೆಯ ಸಾರ್ವಜನಿಕ ಶಿಕ್ಷಣ: ವಿದ್ಯಾರ್ಥಿಗಳ ಯಶಸ್ಸೂ ಮನೆಮಾತೂ

ಶಾಲೆಯ ಯಶಸ್ಸನ್ನು ಅಳೆಯಲು ಉಪಾಧ್ಯಾಯರಾದ ನಮ್ಮ ಕೈಯಲ್ಲಿ ಸಾಮಾನ್ಯವಾಗಿ ಇರುವ ಅಳತೆಗೋಲೆಂದರೆ ಪರೀಕ್ಷೆಯ ಫಲಿತಾಂಶ. ನೂರಕ್ಕೆ ಇಷ್ಟು ಮಂದಿ ತೇರ್ಗಡೆಯಾದರು, ಇಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯಿತು ಎಂದು ವಾರ್ಷಿಕ ವರದಿಯಲ್ಲಿ ಬರೆದು ಸಮಾಧಾನಪಡುತ್ತೇವೆ. ಅದು ತಪ್ಪೆಂದು ಯಾರೂ ಹೇಳಲಾರರು. ಆದರೆ ಒಂದು ಪಟ್ಟಣದ ಶಾಲೆಗಳು ನೂರಾರು ವರ್ಷಗಳಲ್ಲಿ ಏನು ಸಾಧಿಸಿದವೆಂದು ನೋಡಹೊರಟರೆ ಆ ಕೋಲು ಸಾಲದು. ಶಾಲೆಯ ಹೊಸ್ತಿಲನ್ನೇ ತುಳಿಯದಿದ್ದ ಮನೆತನದ ಮಗು ಒಳಗೆ ಬಂದಿತೇ, ಬಂದ ಮಗು ಕಡೆಯವರೆಗೂ ನಿಂತಿತೇ, ಕಲಿತದ್ದು ನಾಡಿಗೆ ಮರಳಿ ಬಂದಿತೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳ ಶಿಕ್ಷಣದ ಇತಿಹಾಸವನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹಳೆಯ ವಿದ್ಯಾನೆಲೆ

ಈ ಸೀಮೆಗೆ ವಿದ್ಯೆ ಹೊಸತಾಗಿ ಬಂದುದಲ್ಲ. ಶಿಲಾಹಾರರು ಆಳುತ್ತಿದ್ದ ಕಾಲದ ಕನ್ನಡ ಶಾಸನಗಳು ಕೊಲ್ಲಾಪುರದ ಸುತ್ತಮುತ್ತ ಇಂದಿಗೂ ಉಳಿದಿವೆ. ಹನ್ನೆರಡನೆಯ ಶತಮಾನದಲ್ಲಿ ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಸುತ್ತ ಒಂದು ದೊಡ್ಡ ಶಿಷ್ಯಪರಂಪರೆಯೇ ಬೆಳೆದಿತ್ತು. ಗಡಹಿಂಗ್ಲಜಕ್ಕೆ ನೆರೆಯದಾದ ಆಜರಾ, ಅಂದಿನ ಆಜುರಿಕೆ. ಅಲ್ಲಿಯ ಬಸದಿಯಲ್ಲಿ ಕುಳಿತು ಸೋಮದೇವನು 1205ರಲ್ಲಿ ‘ಶಬ್ದಾರ್ಣವಚಂದ್ರಿಕೆ’ಯೆಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ಮುಗಿಸಿದನು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಆ ವಿದ್ಯೆ ಬಸದಿ, ಮಠ, ಅಗ್ರಹಾರಗಳ ಒಳಗೆ ಬೆಳೆದ ವಿದ್ಯೆ. ನೇಗಿಲು ಹಿಡಿದವನ ಮಗ, ಮಗ್ಗದ ಮುಂದೆ ಕುಳಿತವನ ಮಗಳು ಅದರ ಲೆಕ್ಕದಲ್ಲಿ ಸೇರಿರಲಿಲ್ಲ. ಎಲ್ಲರ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಶಿಕ್ಷಣ ಈ ನೆಲದಲ್ಲಿ ಇಪ್ಪತ್ತನೆಯ ಶತಮಾನದ ಕೊಡುಗೆ.

ಧಾರವಾಡದಲ್ಲಿ ಓದಿದ ಅರಸ

1874ರಲ್ಲಿ ಹುಟ್ಟಿ 1884ರಲ್ಲಿ ದತ್ತಕವಾಗಿ ಬಂದ ಶಾಹೂ ಮಹಾರಾಜರು 1894ರಲ್ಲಿ ಅಧಿಕಾರವನ್ನು ವಹಿಸಿಕೊಂಡರು. ರಾಜಕೋಟೆಯ ರಾಜಕುಮಾರ ಕಾಲೇಜಿನ ಓದು ಮುಗಿದ ಮೇಲೆ ಅವರ ಶಿಕ್ಷಣ ನಡೆದದ್ದು ನಮ್ಮ ಧಾರವಾಡದಲ್ಲಿ, ಸ್ಟುಅರ್ಟ್ ಫ್ರೇಜರ್ ಎಂಬ ಅಧಿಕಾರಿಯ ಕೈಕೆಳಗೆ. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದರು. ಪ್ರಜೆಗಳ ಶಿಕ್ಷಣಕ್ಕಾಗಿ ಹೆಸರಾದ ಇಬ್ಬರು ಅರಸರಿಗೆ ಗುರು ಒಬ್ಬನೇ ಆಗಿದ್ದನೆಂಬುದು ಉಪಾಧ್ಯಾಯ ವರ್ಗದವರು ನೆನಪಿಡತಕ್ಕ ಮಾತು.

ಶಾಹೂ ಮಹಾರಾಜರು ಪಟ್ಟವೇರುವ ಮೊದಲೇ ಕೊಲ್ಲಾಪುರದಲ್ಲಿ ಒಳ್ಳೆಯ ಶಾಲೆಗಳಿದ್ದವು. 1880ರಲ್ಲಿ ರಾಜಾರಾಮ ಕಾಲೇಜೂ ಪ್ರಾರಂಭವಾಗಿತ್ತು. ಮಹಾದೇವ ಗೋವಿಂದ ರಾನಡೆಯವರು ಬಾಲ್ಯದಲ್ಲಿ ಓದಿದ್ದು ಈ ಊರಿನಲ್ಲಿ. ಗೋಪಾಲ ಕೃಷ್ಣ ಗೋಖಲೆಯವರು ಕಾಗಲಿನಲ್ಲಿಯೂ ಕೊಲ್ಲಾಪುರದಲ್ಲಿಯೂ ಕಲಿತವರು. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ 1911ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆಯನ್ನು ಮಂಡಿಸಿದವರು ಇದೇ ಗೋಖಲೆಯವರು. 1912ರಲ್ಲಿ ಆ ಮಸೂದೆ ಬಿದ್ದುಹೋಯಿತು. ಕಲಿಸುವ ಗುಣದಲ್ಲಿ ಕೊಲ್ಲಾಪುರದ ಶಾಲೆಗಳಿಗೆ ಕೊರತೆಯಿರಲಿಲ್ಲವೆನ್ನಲು ಈ ಎರಡು ಹೆಸರುಗಳೇ ಸಾಕು. ಕೊರತೆಯಿದ್ದುದು ಯಾರು ಕಲಿಯಬಲ್ಲರೆಂಬ ವಿಷಯದಲ್ಲಿ.

ಮೂರು ಅಡ್ಡಿಗಳು, ಮೂರು ಕ್ರಮಗಳು

ಮೊದಲನೆಯ ಅಡ್ಡಿ ಅನ್ನ ಮತ್ತು ವಸತಿಯದು. ಹಳ್ಳಿಯ ಹುಡುಗ ನಾಲ್ಕನೆಯ ಇಯತ್ತೆ ಮುಗಿಸಿ ಪಟ್ಟಣಕ್ಕೆ ಬಂದರೆ ಇಳಿದುಕೊಳ್ಳುವುದೆಲ್ಲಿ, ಉಣ್ಣುವುದೆಲ್ಲಿ? 1896ರಲ್ಲಿ ಎಲ್ಲ ಜಾತಿಯವರಿಗಾಗಿ ಒಂದು ವಿದ್ಯಾರ್ಥಿನಿಲಯವನ್ನು ತೆರೆಯಲಾಯಿತು. ಅದರಲ್ಲಿ ಮುಂದುವರಿದ ವರ್ಗದ ಹುಡುಗರೇ ತುಂಬಿಕೊಂಡರು; ಬಾಗಿಲು ತೆರೆದಿದ್ದರೂ ಒಳಗೆ ಬರುವ ಧೈರ್ಯ ಉಳಿದವರಿಗೆ ಬರಲಿಲ್ಲ. ಆಗ ಮಹಾರಾಜರು ಬೇರೆ ದಾರಿ ಹಿಡಿದರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳ ಬೋರ್ಡಿಂಗು, 1906ರಲ್ಲಿ ಮುಸಲ್ಮಾನರ ಬೋರ್ಡಿಂಗು, 1907ರಲ್ಲಿ ಲಿಂಗಾಯತರ ಬೋರ್ಡಿಂಗು, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗು ಹುಟ್ಟಿದವು. ಜೈನರ ಬೋರ್ಡಿಂಗೂ ಇವುಗಳ ಜತೆಗೆ ಬೆಳೆಯಿತು. ಜಾತಿಗೊಂದು ವಸತಿಯೆಂದರೆ ಜಾತಿಯನ್ನೇ ಬೆಳೆಸಿದಂತಾಗಲಿಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಬೋರ್ಡಿಂಗುಗಳು ಬೇರೆಯಾಗಿದ್ದರೂ ಅಲ್ಲಿಯ ಹುಡುಗರು ಹೋಗಿ ಕುಳಿತದ್ದು ಒಂದೇ ಹೈಸ್ಕೂಲಿನಲ್ಲಿ, ಒಂದೇ ಕಾಲೇಜಿನಲ್ಲಿ ಎಂಬುದನ್ನು ಮರೆಯಬಾರದು. ಕನ್ನಡ ಮನೆಮಾತಿನ ಅನೇಕ ಲಿಂಗಾಯತ ಹಾಗೂ ಜೈನ ಹುಡುಗರಿಗೆ ಕೊಲ್ಲಾಪುರದ ಉಚ್ಚ ಶಿಕ್ಷಣದ ದಾರಿ ತೆರೆದದ್ದು ಈ ಬೋರ್ಡಿಂಗುಗಳ ಮೂಲಕವೇ.

ಎರಡನೆಯ ಅಡ್ಡಿ ಹಣದ್ದು ಮತ್ತು ಪಾಲಕರ ಉದಾಸೀನತೆಯದು. ಬಡೋದೆ ಸಂಸ್ಥಾನವು 1906ರಲ್ಲಿ ಕಡ್ಡಾಯ ಶಿಕ್ಷಣವನ್ನು ರಾಜ್ಯಕ್ಕೆಲ್ಲ ಹರಡಿತ್ತು; ಮೈಸೂರು 1913ರಲ್ಲಿ ಕಾಯಿದೆ ಮಾಡಿತ್ತು. ಕೊಲ್ಲಾಪುರದಲ್ಲಿ 1917ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು. ಮಗುವನ್ನು ಶಾಲೆಗೆ ಕಳುಹಿಸದ ಪಾಲಕನಿಗೆ ತಿಂಗಳಿಗೆ 1 ರೂಪಾಯಿ ದಂಡ. ಆ ಕಾಲದ ರೈತನಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಪುರಸಭೆಗಳಿಗೆ ಇಂಥ ಅಧಿಕಾರ ದೊರೆತದ್ದು 1918ರ ಕಾಯಿದೆಯಿಂದ. ಗೋಖಲೆಯವರ ಮಸೂದೆ ಬಿದ್ದ ಐದು ವರ್ಷಗಳಲ್ಲಿ ಅವರು ಕಲಿತ ಊರೇ ಅದನ್ನು ತನ್ನ ಮಟ್ಟಿಗೆ ನಡೆಸಿ ತೋರಿಸಿತು.

ಮೂರನೆಯ ಅಡ್ಡಿ ಎಲ್ಲಕ್ಕಿಂತ ಕಠಿಣವಾದದ್ದು, ಮುಟ್ಟು-ಮೈಲಿಗೆಯದು. ಅಸ್ಪೃಶ್ಯ ಮಕ್ಕಳಿಗಾಗಿ ಇದ್ದ ಬೇರೆ ಶಾಲೆಗಳನ್ನು 1919ರಲ್ಲಿ ಮುಚ್ಚಿ, ಆ ಮಕ್ಕಳನ್ನು ಎಲ್ಲರ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಮರುವರ್ಷ, 1920ರ ಮಾರ್ಚಿಯಲ್ಲಿ, ಇಚಲಕರಂಜಿಗೆ ಸಮೀಪದ ಮಾಣಗಾವಿಯಲ್ಲಿ ನಡೆದ ಪರಿಷತ್ತಿನಲ್ಲಿ ಮಹಾರಾಜರು ತರುಣ ಅಂಬೇಡ್ಕರರನ್ನು ಜನರ ಮುಂದೆ ನಿಲ್ಲಿಸಿ ಗೌರವಿಸಿದರು. ಓದಿದವನಿಗೆ ಕೆಲಸ ಸಿಗದಿದ್ದರೆ ಓದು ನಿಲ್ಲುವುದೆಂದು 1902ರಲ್ಲಿಯೇ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. ಊಟ, ಶುಲ್ಕ, ಕುಳಿತುಕೊಳ್ಳುವ ಜಾಗ, ಮುಂದಿನ ನೌಕರಿ ಈ ನಾಲ್ಕೂ ಪಾಠಪುಸ್ತಕದ ಹೊರಗಿನ ಸಂಗತಿಗಳು. ಕೊಲ್ಲಾಪುರದ ವಿದ್ಯಾರ್ಥಿಗಳ ಯಶಸ್ಸಿನ ಬೇರು ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ಫಲ

ಬೀಜ ಬಿತ್ತಿದ ಮೇಲೆ ಬೆಳೆಯನ್ನು ನೋಡಬೇಕು. ಜೈನ ಬೋರ್ಡಿಂಗಿನಲ್ಲಿದ್ದು ರಾಜಾರಾಮ ಹೈಸ್ಕೂಲಿನಲ್ಲಿ ಓದಿದ ಕುಂಭೋಜದ ಭಾವೂರಾವ ಪಾಟೀಲರು ಮ್ಯಾಟ್ರಿಕ್ ಪರೀಕ್ಷೆಯನ್ನು ದಾಟಲಿಲ್ಲ. ಫಲಿತಾಂಶದ ಅಳತೆಯಲ್ಲಿ ಅವರು ಸೋತ ವಿದ್ಯಾರ್ಥಿ. 1919ರಲ್ಲಿ ಅವರು ಕಟ್ಟಿದ ರಯತ ಶಿಕ್ಷಣ ಸಂಸ್ಥೆ ಬಡ ಹುಡುಗರಿಗೆ ದುಡಿಯುತ್ತ ಕಲಿಯುವ ದಾರಿ ತೋರಿಸಿ, ಮಹಾರಾಷ್ಟ್ರದ ಹಳ್ಳಿಹಳ್ಳಿಗಳಿಗೆ ಶಾಲೆಗಳನ್ನು ಒಯ್ದಿತು. ಹಾಜರಿ ಪಟ್ಟಿಯಲ್ಲಿ ಕೆಂಪು ಗೆರೆ ಎಳೆಯುವ ಮೊದಲು ನಾವೆಲ್ಲ ಈ ಹೆಸರನ್ನು ನೆನೆಯುವುದು ಒಳ್ಳೆಯದು.

ಜಮಖಂಡಿ ಸೀಮೆಯ ಸಾವಳಗಿಯ ಬಿ. ಡಿ. ಜತ್ತಿಯವರು ಕೊಲ್ಲಾಪುರದಲ್ಲಿ ಕಾನೂನು ಓದಿ, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. 1974ರಿಂದ 1979ರವರೆಗೆ ಉಪರಾಷ್ಟ್ರಪತಿಗಳಾಗಿದ್ದರು. ಯಶವಂತರಾವ ಚವ್ಹಾಣರು ರಾಜಾರಾಮ ಕಾಲೇಜಿನ ಪದವೀಧರರು. ಗಡಿಯ ಎರಡೂ ಬದಿಯ ನಾಯಕರಿಗೆ ಒಂದೇ ಊರು ವಿದ್ಯೆ ಕೊಟ್ಟಿತು.

ಕನ್ನಡದ ಮಟ್ಟಿಗೆ ಹೇಳಬೇಕಾದ ಮಾತು ಇನ್ನೂ ದೊಡ್ಡದು. ಗೋಕಾಕ ತಾಲೂಕಿನ ಕೌಜಲಗಿಯ ಕೆ. ಜಿ. ಕುಂದಣಗಾರರು ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದುಕೊಂಡು, ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದರು. 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರದಾಯಿತು. ಚಿಕ್ಕೋಡಿ ಸೀಮೆಯ ಸದಲಗೆಯ ಆ. ನೇ. ಉಪಾಧ್ಯೆಯವರು 1930ರಿಂದ 1962ರವರೆಗೆ ಅದೇ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಕಲಿಸುತ್ತ, ‘ಪ್ರವಚನಸಾರ’, ‘ಬೃಹತ್ಕಥಾಕೋಶ’, ‘ಕುವಲಯಮಾಲಾ’ ಮೊದಲಾದ ಗ್ರಂಥಗಳನ್ನು ಸಂಪಾದಿಸಿ ಲೋಕದ ವಿದ್ವಾಂಸರ ಮನ್ನಣೆ ಪಡೆದರು. 1967ರ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ವಿ. ಕೃ. ಗೋಕಾಕರು 1950ರ ಸುಮಾರಿಗೆ ಅಲ್ಲಿಯ ಪ್ರಾಚಾರ್ಯರಾಗಿದ್ದರು. ಮರಾಠಿಯೇ ಬೀದಿಯ ಮಾತಾಗಿದ್ದ ಪಟ್ಟಣದ ಒಂದೇ ಸರಕಾರಿ ಕಾಲೇಜಿನಿಂದ ಆರು ವರ್ಷಗಳ ಅಂತರದಲ್ಲಿ ಇಬ್ಬರು ಸಮ್ಮೇಳನಾಧ್ಯಕ್ಷರು ಬಂದರು. ಒಂದು ಭಾಷೆ ಬೆಳೆದರೆ ಇನ್ನೊಂದು ಅಳಿಯಲೇಬೇಕೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ಉಳಿದ ನಾಲ್ಕನೆಯ ಅಡ್ಡಿ

ಕಾಲೇಜಿನಲ್ಲಿ ದೊರೆತ ಈ ಮನ್ನಣೆ ಒಂದನೆಯ ಇಯತ್ತೆಯಲ್ಲಿ ಕನ್ನಡಕ್ಕೆ ದೊರೆಯಿತೇ? ಇಲ್ಲಿ ನಾವು ಇಚಲಕರಂಜಿ, ಗಡಹಿಂಗ್ಲಜಗಳ ಕಡೆಗೆ ತಿರುಗಬೇಕು. ಘೋರ್ಪಡೆ ಮನೆತನದ ಜಹಗೀರಾಗಿದ್ದ ಇಚಲಕರಂಜಿಗೆ 1904ರಲ್ಲಿ ಮೊದಲ ಯಂತ್ರಮಗ್ಗ ಬಂದಿತು. ಮುಂದೆ ಅದು ಮಗ್ಗಗಳ ಊರೇ ಆಗಿ, ಗಡಿಯಾಚೆಯ ಕನ್ನಡ ಕುಟುಂಬಗಳನ್ನು ದುಡಿಮೆಗಾಗಿ ಸೆಳೆಯಿತು. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜವಾದರೋ ಸಂಕೇಶ್ವರಕ್ಕೆ ಅಂಟಿಕೊಂಡಂತಿರುವ ಪೇಟೆ; ಅಲ್ಲಿಯೂ ನೂಲ, ಹಲಕರ್ಣಿಗಳಂಥ ಸುತ್ತಣ ಊರುಗಳಲ್ಲಿಯೂ ಎಷ್ಟೋ ಮನೆಗಳ ಒಳಗಿನ ಮಾತು ಕನ್ನಡ. ಕೊಲ್ಲಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು, ಗಡಹಿಂಗ್ಲಜ ಕೊಲ್ಲಾಪುರ ಜಿಲ್ಲೆಯಲ್ಲಿ ಉಳಿಯಿತು. ಗೆರೆ ಎಲ್ಲಿ ಬಿದ್ದರೂ ಮನೆಮಾತು ಗೆರೆಯನ್ನು ಕೇಳಿ ಬದಲಾಗುವುದಿಲ್ಲ.

ಇಂಥ ಮನೆಯ ಮಗು ಮರಾಠಿ ಶಾಲೆಯಲ್ಲಿ ಕುಳಿತಾಗ ಆಗುವುದೇನು? ನಮ್ಮ ಕಡೆಯ ಮನೆಗಳಲ್ಲಿ ‘ಆಯಿ’ ಎಂದರೆ ಅಜ್ಜಿ, ‘ತಾಯಿ’ ಎಂದರೆ ಹೆತ್ತವಳು. ಮರಾಠಿಯಲ್ಲಿ ‘ಆಈ’ ಎಂದರೆ ಹೆತ್ತವಳು, ‘ತಾಈ’ ಎಂದರೆ ಅಕ್ಕ. ಮೊದಲ ಪಾಠದಲ್ಲಿಯೇ ಮಗುವಿನ ಮನೆಯವರೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದು ಕುಳಿತಂತಾಗುತ್ತದೆ! ಎರಡೂ ನುಡಿ ಬಲ್ಲ ಮಾಸ್ತರರು ನಕ್ಕು ತಿಳಿಸಿ ಹೇಳಿದರೆ ಇದೇ ಒಂದು ಒಳ್ಳೆಯ ಪಾಠ. ಬಲ್ಲವರಿಲ್ಲದಿದ್ದರೆ ಮಗುವಿಗೆ ದಡ್ಡನೆಂಬ ಹೆಸರು. ಆ ಮಗುವಿಗೆ ಬುದ್ಧಿಯ ಕೊರತೆಯಿಲ್ಲ, ದುಭಾಷಿಯ ಕೊರತೆಯಿದೆ.

ಕಾಯಿದೆಯ ಬೆಂಬಲ ಇಲ್ಲವೆಂದಲ್ಲ. ಒಂದು ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ವರ್ಗದಲ್ಲಿ 10 ಮಕ್ಕಳು ಬೇರೆ ಮನೆಮಾತಿನವರಿದ್ದರೆ ಅವರಿಗೆ ಆ ಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆಂದು 1949ರ ಶಿಕ್ಷಣ ಮಂತ್ರಿಗಳ ಪರಿಷತ್ತು ಗೊತ್ತುಪಡಿಸಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ಅನುಚ್ಛೇದವು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಒದಗಿಸುವ ಹೊಣೆಯನ್ನು ರಾಜ್ಯಗಳಿಗೆ ವಹಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಸಾಧ್ಯವಿದ್ದಷ್ಟು ಮಗುವಿನ ಮನೆಮಾತಿನಲ್ಲಿಯೇ ಕಲಿಸಬೇಕೆನ್ನುತ್ತದೆ. ಆದರೆ ಈ 40 ಮತ್ತು 10 ಎಂಬ ಸಂಖ್ಯೆಗಳನ್ನು ಎಣಿಸಿ ತೋರಿಸುವವರು ಯಾರು? ಪಾಲಕನಿಗೆ ಕಾಯಿದೆ ತಿಳಿಯದು, ಅಧಿಕಾರಿಗೆ ಮಗುವಿನ ಮನೆ ತಿಳಿಯದು. ಎರಡನ್ನೂ ಬಲ್ಲವರು ಉಪಾಧ್ಯಾಯರೊಬ್ಬರೇ.

ನಮ್ಮ ಮುಂದಿರುವ ಕೆಲಸ

ಸಾರ್ವಜನಿಕ ಶಾಲೆಯ ಕಾಲ ಮುಗಿಯಿತೆಂದು ಹೇಳುವ ಜನ ಈಗ ಹೆಚ್ಚು. ಅವರಿಗೆ ಕೊಲ್ಲಾಪುರದ ಜರಗನಗರದ ಮಹಾನಗರಪಾಲಿಕೆಯ ಶಾಲೆಯನ್ನು ತೋರಿಸಬಹುದು. ಪಾಡ್ಯದ ದಿನದ ಪ್ರವೇಶಕ್ಕಾಗಿ ಅಲ್ಲಿ ಪಾಲಕರು ರಾತ್ರಿಯಿಂದಲೇ ಸಾಲು ನಿಂತ ವರ್ಷಗಳುಂಟು. ಕಲಿಸುವವರಲ್ಲಿ ನಿಷ್ಠೆಯಿದ್ದರೆ ಜನ ಇಂದಿಗೂ ಊರಿನ ಶಾಲೆಯನ್ನೇ ನೆಚ್ಚುತ್ತಾರೆ.

ಇತಿಹಾಸದ ವಿದ್ಯಾರ್ಥಿಗಳಾಗಿ ಗಡಿಭಾಗದ ಉಪಾಧ್ಯಾಯ ಬಂಧುಗಳಲ್ಲಿ ನಾವು ಒಂದು ಮಾತನ್ನು ಬಿನ್ನವಿಸಿಕೊಳ್ಳುತ್ತೇವೆ. ಪ್ರತಿಯೊಂದು ಹಳೆಯ ಶಾಲೆಯ ಕಪಾಟಿನಲ್ಲಿ ಜನರಲ್ ರಜಿಸ್ಟರು ಇರುತ್ತದೆ. ಮಗುವಿನ ಹೆಸರು, ಜಾತಿ, ಹುಟ್ಟಿದ ಊರು, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲವೂ ಅದರಲ್ಲಿ ಬರೆಯುವ ಸಂಗತಿಗಳು. ಯಾವ ಮನೆಯ ಮಗು ಎಷ್ಟನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟಿತೆಂಬ ಕಥೆ ಆ ಪುಟಗಳಲ್ಲಿ ಇದೆ. ಗೆದ್ದಲು ತಿನ್ನುವ ಮೊದಲು ಅವನ್ನು ನಕಲು ಮಾಡಿ, ಹತ್ತು ಹತ್ತು ವರ್ಷಗಳ ಲೆಕ್ಕ ತೆಗೆಯಬೇಕು. ಮನೆಮಾತಿನ ಕಲಮನ್ನು ಈ ವರ್ಷದಿಂದ ಪಾಲಕರನ್ನು ಕೇಳಿಯೇ ತುಂಬಬೇಕು. ಮರಾಠಿ ಶಾಲೆಯೆಂದ ಮಾತ್ರಕ್ಕೆ ಮರಾಠಿಯೆಂದು ಬರೆದುಬಿಡುವ ರೂಢಿ ಎಲ್ಲಿಯಾದರೂ ಇದ್ದರೆ ನಿಲ್ಲಬೇಕು. ಕುಂದಣಗಾರರು ಕಲ್ಲಿನ ಮೇಲಿನ ಅಕ್ಷರಗಳನ್ನು ಊರೂರು ತಿರುಗಿ ಓದಿದರು. ನಮ್ಮ ಪಾಲಿಗೆ ಬಂದಿರುವುದು ಕಾಗದದ ಮೇಲಿನ ಅಕ್ಷರ, ಅದೂ ನಮ್ಮ ನಮ್ಮ ಶಾಲೆಯ ಕಪಾಟಿನಲ್ಲಿಯೇ. ಅಷ್ಟನ್ನು ಓದಿ ಮುಗಿಸಿದರೆ 40 ಎಲ್ಲಿದ್ದಾರೆ, 10 ಎಲ್ಲಿದ್ದಾರೆ ಎಂದು ಕೇಳಿದವರಿಗೆ ಊರು, ವರ್ಗ, ಹೆಸರು ಸಹಿತ ಉತ್ತರ ಕೊಡಬಹುದು.