ಕೇಪಿನ ಕೋವಿಗೆ ಎಣ್ಣೆಯಲ್ಲ, ಮೊದಲು ನೀರು

ಕೋವಿ ಒರೆಸಿ ಎಣ್ಣೆ ಹಚ್ಚಿಟ್ಟರೆ ಮುಗೀತು ಅಂತ ನಾನೂ ನಂಬಿದ್ದೆ. 2024ರ ಲೋಕಸಭಾ ಚುನಾವಣೆಗೆ ಮುಂಚೆ ಮಂಗ ಓಡಿಸಲಿಕ್ಕೆ ಎರಡು ಬರೀ ಮದ್ದಿನ ಈಡು ಹೊಡೆದು, ನಳಿಗೆಯೊಳಗೆ ಎಣ್ಣೆಬಟ್ಟೆ ಆಡಿಸಿ, ಎಲ್ಲರ ಹಾಗೆ ಠಾಣೆಗೆ ಒಪ್ಪಿಸಿ ಬಂದೆ. ವಾಪಸ್ ತಂದಿದ್ದು ಜೂನಿನಲ್ಲಿ, ಮಳೆ ಹಿಡಿದ ಮೇಲೆ. ತೋಟದಲ್ಲಿ ಮದ್ದು ಜಡಿದು ಹೊಡೆದರೆ ಕೇಪು ಟಪ್ ಅಂತು, ಈಡು ಹಾರಲಿಲ್ಲ. ಬಗ್ಗಿ ನೋಡಲಿಕ್ಕೆ ಹೋದೆ. "ಬಾಯಿ ಮೇಲೆ ಮಾಡಿ ಹಿಡ್ಕೊಂಡು ಸುಮ್ಮನೆ ನಿಲ್ಲೋ ಮಾರಾಯ, ಒಳಗೆ ಬೆಂಕಿ ಇದ್ದೀತು" ಅಂತ ಚಿಕ್ಕಪ್ಪ ಕೂಗಿದರು. ಬಹಳ ಹೊತ್ತು ಕಾದು, ಬಾಯಿಂದ ನೀರು ಹೊಯ್ದು ಮದ್ದು ಕೆಡಿಸಿ ತೆಗೆದೆವು. ಕೇಪು ಕೂರುವಲ್ಲಿನ ಸಣ್ಣ ತೂತು ತುಕ್ಕು ಹಿಡಿದು ಕಟ್ಟಿಹೋಗಿತ್ತು. ತಪ್ಪು ಠಾಣೆಯದ್ದಲ್ಲ, ನನ್ನದೇ.

ಕರಿಮದ್ದು ಅಂದರೆ ನೂರಕ್ಕೆ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಸುಟ್ಟಾಗ ಪೂರ್ತಿ ಹೊಗೆ ಆಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಾಗಿಯೇ ಉಳಿದು, ಒಂದಷ್ಟು ಹೊಗೆಯ ಜೊತೆ ಹಾರಿಹೋಗಿ ಉಳಿದದ್ದು ನಳಿಗೆಗೆ ಅಂಟುತ್ತದೆ. ಅದರಲ್ಲಿ ಮುಖ್ಯವಾದದ್ದು ಪೊಟ್ಯಾಷಿಯಂ ಕಾರ್ಬೊನೇಟು, ಅಂದರೆ ನಮ್ಮ ಬಚ್ಚಲೊಲೆ ಬೂದಿಯಲ್ಲಿ ಇರುವ ಅದೇ ಕ್ಷಾರ. ಹಳೇ ಕೇಪುಗಳಲ್ಲಿ ಹಾಕುತ್ತಿದ್ದ ಕ್ಲೋರೇಟು ಸುಟ್ಟರೆ ಸಿಗುವುದು ಪೊಟ್ಯಾಷಿಯಂ ಕ್ಲೋರೈಡು, ನಾವು ಅಡಿಕೆ ಬುಡಕ್ಕೆ ಹಾಕುವ ಎಂ.ಓ.ಪಿ. ಗೊಬ್ಬರ. ಆ ಚೀಲದ ಬಾಯಿ ಬಿಚ್ಚಿ ಆರಿದ್ರಾ ಮಳೆಯಲ್ಲಿ ಇಟ್ಟರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾ? ನಳಿಗೆಯೊಳಗೂ ಅದೇ ಆಗುವುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಮೇಲೆ ಎಣ್ಣೆ ಬಳಿದರೆ ಅಡಿಯಲ್ಲಿ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಹಿಂದಿನವರಿಗೆ ಇದು ಗೊತ್ತಿತ್ತು. ಬಾಯಿಂದ ಮದ್ದು ತುಂಬುವ ಕೋವಿ ಇದ್ದ ಕಾಲದಲ್ಲಿ ಸಿಪಾಯಿಗಳು ನಳಿಗೆ ತೊಳೆಯುತ್ತಿದ್ದದ್ದು ನೀರಿನಲ್ಲೇ. ಮುಂದೆ 303 ರೈಫಲ್ಲು ಬಂದು ಹೊಗೆಯಿಲ್ಲದ ಮದ್ದು ಆದಮೇಲೂ, ತೋಟೆಯ ಕೇಪಿನ ಉಪ್ಪು ತೆಗೆಯಲಿಕ್ಕೆ ಆಲಿಕೆ ಇಟ್ಟು ಕುದಿನೀರು ಹೊಯ್ಯುತ್ತಿದ್ದರು. ಕೇಪಿನ ಕಥೆಯೂ ಮಳೆಯದ್ದೇ. ಅದಕ್ಕೆ ಮುಂಚೆ ಕಲ್ಲಿನ ಕಿಡಿಯಲ್ಲಿ ಹೊಡೆಯುವ ಕೋವಿ, ಮದ್ದು ಹಸಿಯಾದರೆ ಕೆಲಸ ಕೆಟ್ಟಿತು. ಸ್ಕಾಟ್ಲೆಂಡಿನಲ್ಲಿ ಫೋರ್ಸಿತ್ ಅಂತ ಒಬ್ಬ ಪಾದ್ರಿ, ಹಕ್ಕಿ ಶಿಕಾರಿ ಹುಚ್ಚಿನವ, ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಟೊಪ್ಪಿಯಂಥ ಕೇಪು ಅದರ ಬೆನ್ನಿಗೆ ಬಂತು. ಮಲೆನಾಡಿಗೆ ಹೇಳಿ ಮಾಡಿಸಿದ್ದು ಅನ್ನಿ.

ನಮ್ಮ ಪಕ್ಕದ ನಗರದಲ್ಲಿ 2018ರಲ್ಲಿ ಹಾಳು ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದದ್ದು ನೆನಪಿರಬೇಕು. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತು ಅಂತ ಆಗ ಪೇಪರಿನಲ್ಲಿ ಬಂದಿತ್ತು. ಕಬ್ಬಿಣ ಮಾತ್ರ ತುಕ್ಕು ತಿಂದುಹೋಗಿತ್ತು.

ಈಗ ನಾನು ಮಾಡುವುದು ಹೀಗೆ. ಮೊದಲು ಗಜ ಒಳಗೆ ಬಿಟ್ಟು, ಬುಡದವರೆಗೆ ಹೋಯಿತಾ ಅಂತ ಹೊರಗಿಂದ ಅಳೆದು, ಈಡು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ. ಇದು ತಪ್ಪಿದರೆ ಮುಂದಿನದ್ದೆಲ್ಲ ದಂಡ. ನಳಿಗೆ ಮರದಿಂದ ಬಿಡಿಸಿ, ಹಂಡೆಯ ಕುದಿನೀರು ಎರಡು ಮೂರು ಸಲ ಹೊಯ್ದು ಬಟ್ಟೆ ಆಡಿಸುತ್ತೇನೆ. ಆಮೇಲೆ ಕೆಟ್ಲಿನ ಮೂತಿಗೆ ರಬ್ಬರ್ ಪೈಪು ಸಡಿಲವಾಗಿ ಸಿಕ್ಕಿಸಿ ಹಬೆ ಬಿಡುವುದು. ಕುಕ್ಕರಿಗೆ ಸಿಕ್ಕಿಸಬೇಡಿ, ಪೈಪು ಕಟ್ಟಿಕೊಂಡರೆ ಅಪಾಯ. ತಣ್ಣಗಿನ ನಳಿಗೆಯಲ್ಲಿ ಹಬೆ ನೀರಾಗಿ ಸಣ್ಣ ತೂತಿಂದ ಕಪ್ಪಗೆ ತೊಟ್ಟಿಕ್ಕುತ್ತದೆ, ಕೊಳೆತ ಮೊಟ್ಟೆ ವಾಸನೆ, ಅದು ಗಂಧಕದ್ದು. ನಳಿಗೆ ಕೈಗೆ ತಾಗದಷ್ಟು ಬಿಸಿಯಾದರೆ ಬರೀ ಹಬೆಯೇ ಹೊರಗೆ ಬರುತ್ತದೆ. ದಪ್ಪ ಮಸಿ ಹಬೆಗೆ ಜಗ್ಗುವುದಿಲ್ಲ, ಅದಕ್ಕೆ ನೀರೇ ಬೇಕು. ಹಬೆಯ ಉಪಯೋಗ ಆ ತೂತಿಗೆ. ಇನ್ನೊಂದು ಲಾಭ, ಬಿಸಿ ಕಬ್ಬಿಣ ತಾನೇ ಒಣಗುತ್ತದೆ. ಬಿಸಿ ಇರುವಾಗಲೇ ಒಣಬಟ್ಟೆ, ಆಮೇಲೆ ಎಣ್ಣೆ. ಮಾರನೇ ದಿನ ಬಿಳಿ ಬಟ್ಟೆ ಆಡಿಸಿ ನೋಡಿ, ಕೆಂಪು ಬಂದರೆ ಇನ್ನೊಂದು ಸಲ ತೊಳೆಯಿರಿ. ಮುಂದಿನ ಚುನಾವಣೆಗೆ ಠಾಣೆಗೆ ಕೊಡುವ ಮುನ್ನಾದಿನ ನಮ್ಮ ಮನೆ ಹಂಡೆಗೆ ಬೆಂಕಿ ಹಾಕಿರುತ್ತೇನೆ, ನಿಮ್ಮದನ್ನೂ ತರಬಹುದು, ಲೈಸೆನ್ಸ್ ಪುಸ್ತಕದ ಜೊತೆ.