ಎಲೆಕ್ಟ್ರಾನಿಕ್ ಕೀಲಿಕೈ

ಲೋಹದ ಹಲ್ಲುಗಳಿಂದಲ್ಲದೆ ರೇಡಿಯೊ ಸಂಕೇತದಿಂದ ವಾಹನ ಅಥವಾ ಕಟ್ಟಡದ ಬೀಗ ತೆರೆಯುವ ಸಾಧನ. ಕಾರಿನ ರಿಮೋಟ್, ಸ್ಮಾರ್ಟ್ ಕೀ, ಕಚೇರಿ ಬಾಗಿಲಿನ ಟ್ಯಾಗ್ ಮತ್ತು ಕಾರ್ಡು ಇದರ ಮುಖ್ಯ ರೂಪಗಳು. ನಕಲು ಮಾಡುವವರಿಗೂ ತಯಾರಕರಿಗೂ ನಡೆದ ಪೈಪೋಟಿಯೇ ಇದರ ಬೆಳವಣಿಗೆಯ ದಿಕ್ಕನ್ನು ನಿರ್ಧರಿಸಿದೆ.

ಆರಂಭ: ಬ್ಯಾಟರಿ ಇಲ್ಲದ ಕಾರ್ಡಿನಿಂದ ಬಾಗಿಲು ತೆರೆಯುವ ವ್ಯವಸ್ಥೆಗೆ ಅಮೆರಿಕದ ಚಾರ್ಲ್ಸ್ ವಾಲ್ಟನ್ 1973ರಲ್ಲಿ ಪೇಟೆಂಟ್ ಪಡೆದರು. ಕಾರುಗಳಲ್ಲಿ ರಿಮೋಟ್ ಬೀಗ ಮೊದಲು ಬಂದದ್ದು 1982ರಲ್ಲಿ, ಫ್ರಾನ್ಸಿನ ರೆನೊ ಫ್ಯುಯೆಗೊದಲ್ಲಿ. ಅದು ಇನ್‌ಫ್ರಾರೆಡ್ ಕಿರಣ ಬಳಸುತ್ತಿದ್ದುದರಿಂದ ಕಾರಿನತ್ತ ಗುರಿಯಿಟ್ಟು ಒತ್ತಬೇಕಿತ್ತು. ರೇಡಿಯೊ ತರಂಗ ಬಂದ ಮೇಲೆ ಆ ತೊಡಕು ಹೋಯಿತು. ಈಗಿನ ರಿಮೋಟ್‌ಗಳು ಭಾರತ ಮತ್ತು ಯೂರೋಪಿನಲ್ಲಿ ಹೆಚ್ಚಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಅಮೆರಿಕದಲ್ಲಿ 315 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ.

ಬದಲಾಗುವ ಸಂಕೇತ: ಆರಂಭದ ರಿಮೋಟ್‌ಗಳು ಪ್ರತಿ ಸಲವೂ ಒಂದೇ ಸಂಕೇತ ಕಳಿಸುತ್ತಿದ್ದವು, ಅದನ್ನು ಹಿಡಿದಿಟ್ಟು ಮರುಪ್ರಸಾರ ಮಾಡಿದರೆ ಬಾಗಿಲು ತೆರೆಯುತ್ತಿತ್ತು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ ಕೀಲಾಕ್ ವಿಧಾನದಲ್ಲಿ ಗುಂಡಿ ಒತ್ತಿದಾಗಲೆಲ್ಲ ಎಣಿಕೆ ಒಂದು ಹೆಜ್ಜೆ ಮುಂದೆ ಸಾಗಿ, ಗುಪ್ತಲಿಪಿಯಾಗಿ ಹೊರಡುತ್ತದೆ. ಬಳಸಿದ ಸಂಕೇತವನ್ನು ಕಾರು ಮತ್ತೆ ಒಪ್ಪುವುದಿಲ್ಲ. ಕಾರಿನಿಂದ ದೂರದಲ್ಲಿ ಕೆಲವು ಸಲ ಒತ್ತಿದರೂ ತೊಂದರೆಯಾಗದಂತೆ, ಮುಂದಿನ ಕೆಲವು ಎಣಿಕೆಗಳಿಗೆ ಅವಕಾಶ ಇಟ್ಟಿರುತ್ತದೆ. ಕೀಲಾಕ್ ಅನ್ನು 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಕೊಂಡಿತು. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೂ ಭೇದಿಸಿದರು.

ಇಮೊಬಿಲೈಸರ್: ಬಾಗಿಲು ತೆರೆದರೂ ಎಂಜಿನ್ ಚಾಲೂ ಆಗದಂತೆ ತಡೆಯುವ ಈ ವ್ಯವಸ್ಥೆ 1990ರ ದಶಕದಲ್ಲಿ ಹರಡಿತು. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗಿನ ಚಿಪ್‌ಗೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತಲಿನ ತಂತಿಸುರುಳಿಯ ಕಾಂತಕ್ಷೇತ್ರವೇ ಅದಕ್ಕೆ ವಿದ್ಯುತ್ ಒದಗಿಸುತ್ತದೆ. ಕಾರು ಪ್ರಶ್ನೆಯಾಗಿ ಒಂದು ಸಂಖ್ಯೆ ಕಳಿಸುತ್ತದೆ, ಚಿಪ್ ತನ್ನ ಗುಪ್ತ ಸಂಖ್ಯೆಯಿಂದ ಲೆಕ್ಕ ಹಾಕಿ ಉತ್ತರಿಸುತ್ತದೆ. ಬ್ರಿಟನ್‌ನಲ್ಲಿ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು.

ಸ್ಮಾರ್ಟ್ ಕೀ: ಇಲ್ಲಿ ಗುಂಡಿ ಒತ್ತುವ ಅಗತ್ಯವೂ ಇಲ್ಲ. ಒಂದೆರಡು ಮೀಟರ್ ಮಾತ್ರ ಮುಟ್ಟುವ ಕಡಿಮೆ ಆವರ್ತನದಲ್ಲಿ ಕಾರು ಕರೆಯುತ್ತದೆ, ಜೇಬಿನಲ್ಲಿರುವ ಕೀ ಓಗೊಡುತ್ತದೆ. ಉತ್ತರ ಬಂತೆಂದರೆ ಕೀ ಹತ್ತಿರವೇ ಇದೆ ಎಂಬುದು ಕಾರಿನ ನಂಬಿಕೆ. ಇಬ್ಬರು ಕಳ್ಳರು ನಡುವೆ ನಿಂತು ಆ ಕರೆಯನ್ನು ಮನೆಯೊಳಗಿನ ಕೀಗೆ ದಾಟಿಸಿದರೆ ಗುಪ್ತಲಿಪಿ ಒಡೆಯದೆಯೇ ಕಾರು ಹೋಗುತ್ತದೆ. ಜ್ಯೂರಿಕ್‌ನ ಸಂಶೋಧಕರು 2011ರಲ್ಲಿ 10 ಮಾದರಿಯ ಕಾರುಗಳ ಮೇಲೆ ಇದನ್ನು ಸಾಧಿಸಿ ತೋರಿಸಿದರು. ಸಂಕೇತ ಹೋಗಿಬರುವ ಕಾಲದಿಂದ ದೂರ ಅಳೆಯುವ ಅಲ್ಟ್ರಾ ವೈಡ್‌ಬ್ಯಾಂಡ್ ತಂತ್ರ ಇದಕ್ಕೆ ಬಂದ ಪರಿಹಾರ.

ಕಟ್ಟಡಗಳಲ್ಲಿ: 125 ಕಿಲೋಹರ್ಟ್ಸ್‌ನ ಅಗ್ಗದ ಟ್ಯಾಗ್‌ಗಳು ಬದಲಾಗದ ಸಂಖ್ಯೆಯನ್ನಷ್ಟೇ ಹೇಳುವುದರಿಂದ ಅವುಗಳ ನಕಲು ಸುಲಭ. 1994ರಲ್ಲಿ ಬಂದ 13.56 ಮೆಗಾಹರ್ಟ್ಸ್‌ನ ಮೈಫೇರ್ ಕಾರ್ಡು ಗುಪ್ತಲಿಪಿ ಬಳಸಿತು. ಅದರ ಮೊದಲ ಮಾದರಿಯ ದೌರ್ಬಲ್ಯ 2008ರ ಹೊತ್ತಿಗೆ ಬಯಲಾಯಿತು. ಈಚಿನ ಕಾರ್ಡುಗಳು ಇನ್ನೂ ಗಟ್ಟಿಯಾದ ಗುಪ್ತಲಿಪಿ ಬಳಸುತ್ತವೆ.

ಕರ್ನಾಟಕದಲ್ಲಿ: ಟ್ಯಾಗ್ ಮತ್ತು ಕಾರ್ಡುಗಳ ತತ್ತ್ವ ಇಲ್ಲಿ ಬಾಗಿಲಿನಾಚೆಗೂ ಹಬ್ಬಿದೆ. 2011ರ ಅಕ್ಟೋಬರ್ 20ರಂದು ಆರಂಭವಾದ ಬೆಂಗಳೂರಿನ ನಮ್ಮ ಮೆಟ್ರೊದ ಗೇಟುಗಳು ಸ್ಪರ್ಶರಹಿತ ಟೋಕನ್ ಮತ್ತು ಕಾರ್ಡುಗಳಿಂದ ತೆರೆಯುತ್ತವೆ. ಬಸವಕಲ್ಯಾಣ ತಾಲೂಕು ಮತ್ತು ಹುಮನಾಬಾದ ಹಾಯ್ದು ಸಾಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಓಡಾಡುವ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕೂಡ ಬ್ಯಾಟರಿಯಿಲ್ಲದ ಚಿಪ್ಪೇ. 2021ರ ಫೆಬ್ರುವರಿಯಿಂದ ಅದು ಟೋಲ್‌ಗಳಲ್ಲಿ ಕಡ್ಡಾಯವಾಗಿದೆ. ದ್ವಿಚಕ್ರ ವಾಹನಗಳಲ್ಲಿ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2021ರ ಆಗಸ್ಟ್ 15ರಂದು ಲೋಹದ ಕೀಲಿಕೈಯೇ ಇಲ್ಲದ, ಫೋನಿನಿಂದ ತೆರೆಯುವ ಸ್ಕೂಟರ್ ಬಿಡುಗಡೆ ಮಾಡಿತು. 2023ರ ಜನವರಿಯಲ್ಲಿ ಹೊಂಡಾ ಆಕ್ಟಿವಾಕ್ಕೂ ಸ್ಮಾರ್ಟ್ ಕೀ ಬಂದು, ದುಬಾರಿ ಕಾರುಗಳ ಈ ಅನುಕೂಲ ಸಾಮಾನ್ಯ ಸ್ಕೂಟರ್‌ಗೂ ದಕ್ಕಿತು.