ಮುಂಚಕ್ರದ ಸಸ್ಪೆನ್ಷನ್ ಮಾರ್ಪಾಡು ಮತ್ತು ಸ್ಟೀರಿಂಗ್ ಸಂವೇದನೆ

ಟೈರು ರಸ್ತೆಯನ್ನು ಎಷ್ಟು ಕಚ್ಚಿದೆ ಎಂಬುದು ಚಾಲಕನ ಕೈಗೆ ಸ್ಪಷ್ಟವಾಗಿ ತಿಳಿಯಲೆಂದು ಕಾರಿನ ಮುಂಭಾಗದ ಆರ್ಮ್, ಬುಷ್, ಬಾಲ್ ಜಾಯಿಂಟ್, ಸ್ಪ್ರಿಂಗ್, ಡ್ಯಾಂಪರ್‌ಗಳನ್ನು ಬದಲಿಸುವುದುಂಟು. ಸ್ಪ್ರಿಂಗ್ ಗಟ್ಟಿಯಾದಷ್ಟೂ ಸ್ಟೀರಿಂಗ್ ಚುರುಕು ಎಂಬ ನಂಬಿಕೆ ಈ ಹವ್ಯಾಸದಷ್ಟೇ ಹಳೆಯದು, ಆದರೆ ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ. ಎರಡೂ ಮುಂಚಕ್ರಗಳನ್ನು ಒಂದೇ ಅಚ್ಚಿಗೆ ಕಟ್ಟಿದ್ದ ಕಾಲದಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದೂ ವಾಲುತ್ತಿತ್ತು. ತಿರುಗುವ ಚಕ್ರ ಹೀಗೆ ವಾಲಿದಾಗ ಅದು ಪಕ್ಕಕ್ಕೂ ಹೊರಳಲೆಳಸಿ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ರೋಲ್ಸ್-ರಾಯ್ಸ್‌ನಿಂದ ಜನರಲ್ ಮೋಟಾರ್ಸ್‌ಗೆ ಬಂದ ಮಾರಿಸ್ ಆಲಿ ಮತ್ತು ಅವರ ಸಂಗಡಿಗರ ಪ್ರಯೋಗಗಳ ಫಲವಾಗಿ 1934ರ ಮಾದರಿಗಳಿಗೆ ಸ್ವತಂತ್ರ ಮುಂಭಾಗದ ಸಸ್ಪೆನ್ಷನ್ ಬಂತು. ಅಲ್ಲಿ ಮುಂದಿನ ಸ್ಪ್ರಿಂಗ್‌ಗಳು ಮೊದಲಿಗಿಂತ ಮೆದುವಾದವು, ಆದರೂ ಸ್ಟೀರಿಂಗ್ ಸ್ಥಿರವಾಯಿತು. ಗುಣ ಬಂದದ್ದು ಚಕ್ರ ಯಾವ ದಾರಿಯಲ್ಲಿ ಏರಿಳಿಯುತ್ತದೆ ಎಂಬುದರಿಂದ.

ಇದಕ್ಕೆ ಪ್ರಸಿದ್ಧ ನಿದರ್ಶನ 1965ರ ಶೆಲ್ಬಿ ಜಿಟಿ350. ಸಾಮಾನ್ಯ ಫೋರ್ಡ್ ಮಸ್ಟಾಂಗ್‌ನ ಮೇಲಿನ ಆರ್ಮ್ ಕೂರುವ ಜಾಗವನ್ನು ಇದರಲ್ಲಿ ಒಂದಂಗುಲ ಕೆಳಗಿಳಿಸಿದ್ದರು. ತಿರುವಿನಲ್ಲಿ ಬಾಡಿ ವಾಲಿದರೂ ಹೊರಗಿನ ಟೈರು ರಸ್ತೆಗೆ ಹೆಚ್ಚು ನೆಟ್ಟಗೆ ನಿಲ್ಲುತ್ತಿತ್ತು. ಹೊಸ ತೂತು ಕೊರೆದರೆ ಮುಗಿಯುವ ಈ ಅಗ್ಗದ ಕೆಲಸವನ್ನು ಹಳೆಯ ಮಸ್ಟಾಂಗ್ ಇಟ್ಟುಕೊಂಡವರು ಇಂದಿಗೂ ಮಾಡಿಸುತ್ತಾರೆ. ಆ ಕಾರಿಗೆ ಕೋನಿ ಡ್ಯಾಂಪರ್, ದಪ್ಪನೆಯ ಆಂಟಿ-ರೋಲ್ ಬಾರ್ ಕೂಡ ಇದ್ದವಲ್ಲ, ಶ್ರೇಯವೆಲ್ಲ ತೂತಿಗೇ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಬಿಎಂಡಬ್ಲ್ಯು ಇ30 ಸರಣಿಯ ಉದಾಹರಣೆ ಆ ಗೊಂದಲವನ್ನು ಬಿಡಿಸುತ್ತದೆ. ಅದರ ಎಂ3 ಮಾದರಿಯಲ್ಲಿ ಕ್ಯಾಸ್ಟರ್ ಕೋನ, ಅಂದರೆ ಮುಂಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಉಳಿದವಕ್ಕಿಂತ ಹೆಚ್ಚು. ಸಾಧಾರಣ ಇ30 ಉಳ್ಳವರು ನಡುರಂಧ್ರ ಪಕ್ಕಕ್ಕೆ ಸರಿದ ಎಂ3 ಬುಷ್‌ಗಳನ್ನು ಕೆಳ ಆರ್ಮ್‌ಗೆ ಹಾಕಿಸಿ, ಸ್ಪ್ರಿಂಗ್ ಮುಟ್ಟದೆಯೇ ಆ ಕೋನವನ್ನು ಹೆಚ್ಚಿಸಿಕೊಳ್ಳುತ್ತಾರೆ. ತಿರುವು ಮುಗಿದಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಬಲ ಹೆಚ್ಚುತ್ತದೆ. ಅತಿಯಾದರೆ ಇದೂ ಕೆಡುಕೇ: ಸ್ಟೀರಿಂಗ್ ಭಾರವಾಗುತ್ತದೆ, ಟೈರು ಜಾರುವ ಮುನ್ನ ಕೈಗೆ ಸಿಗುವ ಸೂಕ್ಷ್ಮ ಸೂಚನೆ ಆ ಭಾರದಲ್ಲಿ ಮುಳುಗುತ್ತದೆ.

ರಬ್ಬರ್ ಬುಷ್ ತೆಗೆದು ಪಾಲಿಯುರೆಥೇನ್ ಹಾಕುವುದು ಇನ್ನೊಂದು ಜನಪ್ರಿಯ ಮಾರ್ಗ. ತಯಾರಕರು ರಬ್ಬರನ್ನು ಬರೀ ಉಳಿತಾಯಕ್ಕಾಗಿ ಇಟ್ಟವರಲ್ಲ. ರೇಡಿಯಲ್ ಟೈರು ಬಂದ ಮೇಲೆ ಅದರ ಒರಟು ಕಂಪನವನ್ನು ನುಂಗಲು ಬುಷ್ ಹಿಂದೆ-ಮುಂದೆ ಕೊಂಚ ಮಣಿಯಲೇಬೇಕಾಯಿತು. ಆ ಮಣಿತ ತೆಗೆದರೆ ನಿಖರತೆಯ ಜೊತೆ ಸದ್ದೂ ಬರುತ್ತದೆ. ಕಾರನ್ನು ತಗ್ಗಿಸುವುದಂತೂ ಹಲವು ಬಾರಿ ತಿರುಗುಬಾಣ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಕೆಳ ಆರ್ಮ್‌ನ ಹೊರತುದಿ ಮೇಲೇರಿ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ವಾಲುವ ಕೇಂದ್ರಬಿಂದು) ಕುಸಿಯುತ್ತದೆ, ಟೈ ರಾಡ್‌ನ ಕೋನವೂ ಕೆಟ್ಟು ಉಬ್ಬು ಸಿಕ್ಕಲ್ಲಿ ಕಾರು ಅತ್ತಿತ್ತ ಎಳೆಯುತ್ತದೆ. ಉದ್ದ ಕಾಂಡದ ಬಾಲ್ ಜಾಯಿಂಟ್‌ಗಳು ಹುಟ್ಟಿದ್ದು ಈ ತಪ್ಪನ್ನು ಸರಿಪಡಿಸಲು. 1988ರಲ್ಲಿ ಸುಜುಕಿ ಸರ್ವೋದೊಂದಿಗೆ ವಿದ್ಯುತ್ ಸ್ಟೀರಿಂಗ್ ಬಂದ ಮೇಲೆ ಈ ಕಸರತ್ತೆಲ್ಲ ವ್ಯರ್ಥ, ಕೈಗೆ ಸಿಗುವುದು ಮೋಟಾರಿನ ಲೆಕ್ಕಾಚಾರವಷ್ಟೇ ಎನ್ನುವವರಿದ್ದಾರೆ. ಇದು ಅರ್ಧಸತ್ಯ. ಮೋಟಾರು ಬಲವನ್ನು ಸೋಸಬಹುದು, ಆದರೆ ಸವೆದ ಬುಷ್‌ನಲ್ಲಿ ಮೊದಲೇ ಕಳೆದುಹೋದದ್ದನ್ನು ಮರಳಿಸಲಾರದು. ಹಳೆಯ ಕಾರಿಗೆ ಹೊಸ ಮೂಲ ಬಿಡಿಭಾಗಗಳೇ ಹೆಚ್ಚಿನವರಿಗೆ ಸಾಕು. ಆರ್ಮ್ ಅಥವಾ ಟೈ ರಾಡ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಎಂಥ ದುಬಾರಿ ಭಾಗವೂ ಟೈರು ಸವೆಸುವುದಕ್ಕಷ್ಟೇ ಉಪಯೋಗ.